ಕರೆಂಟಿಗೂ ಒಂದು ಹೊತ್ತು ಉಂಟು



ಸಂಜೆ ಏಳು ಗಂಟೆಯ ಹೊತ್ತನ್ನು ನೆನೆಸಿಕೊಳ್ಳಿ. ಕುದ್ರೋಳಿಯ ಮನೆ ಮನೆಯಲ್ಲಿ ದೀಪ ಉರಿಯುತ್ತದೆ. ಫ್ಯಾನು ತಿರುಗುತ್ತದೆ. ಮಕ್ಕಳು ಓದಲಿಕ್ಕೆ ಕೂರುತ್ತಾರೆ. ಒಳಗೆ ಟಿ.ವಿ. ಮಾತಾಡುತ್ತದೆ. ಅಡುಗೆಮನೆಯಲ್ಲಿ ಮೀನಿನ ಪದಾರ್ಥಕ್ಕೆ ಮಸಾಲೆ ಕಡೆಯುವ ಸದ್ದು. ಮೇಲಿನ ಟ್ಯಾಂಕಿಗೆ ನೀರು ಏರಿಸಲಿಕ್ಕೆ ಪಂಪು.

ನಮ್ಮ ಮನೆ ಮಾತ್ರ ಅಲ್ಲ. ಅಳಕೆ, ಬೊಕ್ಕಪಟ್ಣ, ಮಣ್ಣಗುಡ್ಡೆ, ಹೊಳೆಯ ಆಚೆ ಬೆಂಗ್ರೆ. ಎಲ್ಲ ಕಡೆ ಅದೇ ಹೊತ್ತು, ಅದೇ ಕೆಲಸ. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯಲ್ಲೂ ಹಾಗೆಯೇ. ಲಕ್ಷ ಲಕ್ಷ ಮನೆಗಳಲ್ಲಿ ಒಟ್ಟಿಗೇ ಸ್ವಿಚ್ಚು ಒತ್ತುತ್ತಾರೆ.

ಅಷ್ಟು ಕರೆಂಟು ಆ ಹೊತ್ತಿಗೆ ಎಲ್ಲಿಂದ ಬರುತ್ತದೆ? ಅದಕ್ಕೆ ಎಷ್ಟು ಬೆಲೆ? ಆ ಬೆಲೆ ಕಟ್ಟುವವರು ಯಾರು? ಈ ಪಾಠದಲ್ಲಿ ಅದನ್ನು ತಿಳಿಯೋಣ. ಮೊದಲು ನಮ್ಮ ಮನೆಯ ಲೆಕ್ಕ. ಆಮೇಲೆ ಊರಿನ ಲೆಕ್ಕ.

ಒಂದು ಯೂನಿಟ್ ಅಂದರೆ ಎಷ್ಟು?

ಅಕ್ಕಿಯನ್ನು ಕಿಲೋದಲ್ಲಿ ಅಳೆಯುತ್ತೇವೆ. ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಕರೆಂಟನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ.

ಪ್ರತಿ ಬಲ್ಬು, ಫ್ಯಾನು, ಮಿಕ್ಸಿಯ ಮೇಲೆ 'ವಾಟ್' ಎಂದು ಒಂದು ಸಂಖ್ಯೆ ಬರೆದಿರುತ್ತದೆ. ಅದು ಆ ಸಾಮಾನಿನ ಹಸಿವು. ಸಂಖ್ಯೆ ದೊಡ್ಡದಾದರೆ ಹಸಿವೂ ದೊಡ್ಡದು. 1000 ವಾಟಿನ ಒಂದು ಸಾಮಾನು ಒಂದು ಗಂಟೆ ನಡೆದರೆ 1 ಯೂನಿಟ್ ಖರ್ಚು.

1 ಯೂನಿಟ್ಟಿನಲ್ಲಿ ಏನೇನು ಎಷ್ಟು ಹೊತ್ತು ನಡೆಯುತ್ತದೆ? ನೋಡಿ:

9 ವಾಟಿನ ಎಲ್.ಇ.ಡಿ. ಬಲ್ಬು – ಸುಮಾರು 111 ಗಂಟೆ
60 ವಾಟಿನ ಹಳೆಯ ಬಲ್ಬು – 16 ಗಂಟೆ ದಾಟಿ ಸ್ವಲ್ಪ
75 ವಾಟಿನ ಹಳೆಯ ಫ್ಯಾನು – 13 ಗಂಟೆ
30 ವಾಟಿನ ಹೊಸ ಬಗೆಯ ಫ್ಯಾನು – 33 ಗಂಟೆ
150 ವಾಟಿನ ಗ್ರೈಂಡರ್ – ಆರೂವರೆ ಗಂಟೆ
500 ವಾಟಿನ ಮಿಕ್ಸಿ – 2 ಗಂಟೆ
1000 ವಾಟಿನ ಇಸ್ತ್ರಿ ಪೆಟ್ಟಿಗೆ – 1 ಗಂಟೆ
2000 ವಾಟಿನ ಗೀಸರ್ – ಅರ್ಧ ಗಂಟೆ

ಈ ಪಟ್ಟಿಯಲ್ಲಿ ಒಂದು ಗುಟ್ಟು ಉಂಟು. ಬೆಳಕು ಕೊಡುವ ಸಾಮಾನು ಕಡಿಮೆ ತಿನ್ನುತ್ತದೆ. ಬಿಸಿ ಮಾಡುವ ಸಾಮಾನು ಬಹಳ ತಿನ್ನುತ್ತದೆ. ಬಚ್ಚಲಿನ ಹಂಡೆಗೆ ತೆಂಗಿನ ಸಿಪ್ಪೆ, ಗೆರಟೆ ಹಾಕಿ ನೀರು ಕಾಯಿಸುವವರ ಮೀಟರು ನಿಧಾನ ಓಡುವುದು ಇದಕ್ಕೇ.

ಒಂದು ಮನೆಯ ಲೆಕ್ಕ

ಒಂದು ಸಣ್ಣ ಮನೆ ಎಂದು ಇಟ್ಟುಕೊಳ್ಳೋಣ. ಒಂದು ದಿನದ ಖರ್ಚು ಹೀಗೆ:

ನಾಲ್ಕು ಎಲ್.ಇ.ಡಿ. ಬಲ್ಬು, 5 ಗಂಟೆ – 180
ಎರಡು ಹಳೆಯ ಫ್ಯಾನು, 10 ಗಂಟೆ – 1500
ಟಿ.ವಿ. (50 ವಾಟ್), 4 ಗಂಟೆ – 200
ಫ್ರಿಜ್ಜು, ಇಡೀ ದಿನ – 800
ಗ್ರೈಂಡರ್, ಅರ್ಧ ಗಂಟೆ – 75
ಮಿಕ್ಸಿ, 12 ನಿಮಿಷ – 100
ನೀರಿನ ಪಂಪು (750 ವಾಟ್), ಅರ್ಧ ಗಂಟೆ – 375

ಒಟ್ಟು 3230. ಇದನ್ನು 1000ದಿಂದ ಭಾಗಿಸಿದರೆ 3.23 ಯೂನಿಟ್. 30 ದಿನಕ್ಕೆ ಸುಮಾರು 97 ಯೂನಿಟ್.

ಇದರಲ್ಲಿ ಅರ್ಧದ ಹತ್ತಿರ ತಿಂದದ್ದು ಯಾರು? ಎರಡು ಫ್ಯಾನುಗಳು! ನಮ್ಮ ಕಡಲ ಕರೆಯ ಸೆಕೆಗೆ ಫ್ಯಾನು ಇಲ್ಲದೆ ಆಗುವುದಿಲ್ಲ. ಬೀಡಿ ಕಟ್ಟುವ, ಬಟ್ಟೆ ಹೊಲಿಯುವ ಅಕ್ಕಂದಿರ ಮನೆಯಲ್ಲಿ ಅದು ಹಗಲಿಡೀ ತಿರುಗುತ್ತದೆ. ಹಾಗಾಗಿ ಹಳೆಯ ಫ್ಯಾನು ಹಾಳಾದಾಗ 30 ವಾಟಿನದ್ದು ಹಾಕಿದರೆ ಒಳ್ಳೆಯದು. ಎರಡೂ ಫ್ಯಾನು ಬದಲಿಸಿದರೆ ತಿಂಗಳಿಗೆ 27 ಯೂನಿಟ್ ಉಳಿಯುತ್ತದೆ. ಕ್ರಯ ಸ್ವಲ್ಪ ಜಾಸ್ತಿ. ಒಂದೊಂದಾಗಿ ಬದಲಿಸಬಹುದು.

ಬಿಲ್ಲು ಓದೋಣ

ನಮಗೆ ಕರೆಂಟು ಕೊಡುವುದು ಮೆಸ್ಕಾಂ. ಮಂಗಳೂರು ವಿದ್ಯುತ್ ಸರಬರಾಜು ಕಂಪನಿ ಎಂದು ಅದರ ಪೂರ್ತಿ ಹೆಸರು. ಅದು 2002ರ ಜೂನ್‌ನಲ್ಲಿ ಶುರುವಾಯಿತು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ಅದಕ್ಕೆ ಸೇರಿವೆ.

ಬಿಲ್ಲು ಬಂದರೆ ಮಡಿಸಿ ಇಡಬೇಡಿ. ಈಗ ನಮಗೆ ಓದಲಿಕ್ಕೆ ಬರುತ್ತದೆ. ಮೂರು ವಿಷಯ ಹುಡುಕಿ. ಒಂದು, ಆರ್.ಆರ್. ನಂಬರು. ಅದು ನಮ್ಮ ಮೀಟರಿನ ಗುರುತು. ಎರಡು, ಹಿಂದಿನ ರೀಡಿಂಗ್ ಮತ್ತು ಈಗಿನ ರೀಡಿಂಗ್. ಈಗಿನದರಿಂದ ಹಿಂದಿನದನ್ನು ಕಳೆಯಿರಿ. ಬಂದದ್ದೇ ನಾವು ಉರಿಸಿದ ಯೂನಿಟ್. ಮೂರು, ಗೃಹಜ್ಯೋತಿಯಲ್ಲಿ ನಮಗೆ ಎಷ್ಟು ಯೂನಿಟ್ ಉಂಟು ಎಂಬುದು.

ಗೃಹಜ್ಯೋತಿ ಯೋಜನೆ 2023ರಲ್ಲಿ ಬಂತು. "200 ಯೂನಿಟ್ ಫ್ರೀ" ಎಂದು ಹಲವರು ಹೇಳುತ್ತಾರೆ. ಆದರೆ ಎಲ್ಲ ಮನೆಗೂ 200 ಅಲ್ಲ. 2022-23ರಲ್ಲಿ ನಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತೋ, ಅದಕ್ಕೆ ನೂರಕ್ಕೆ ಹತ್ತರಂತೆ ಸೇರಿಸುತ್ತಾರೆ. ಅಷ್ಟು ಮಾತ್ರ ಉಚಿತ. 48 ಯೂನಿಟ್ಟಿಗಿಂತ ಕಡಿಮೆ ಉರಿಸುತ್ತಿದ್ದ ಸಣ್ಣ ಮನೆಗಳಿಗೆ 10 ಯೂನಿಟ್ ಸೇರಿಸುವುದೆಂದು 2024ರಲ್ಲಿ ಸರ್ಕಾರ ತೀರ್ಮಾನಿಸಿತು.

ಒಂದು ಉದಾಹರಣೆ. ಒಂದು ಮನೆಯ ಸರಾಸರಿ 90 ಯೂನಿಟ್ ಇತ್ತು. 9 ಸೇರಿಸಿದರೆ 99. ಈ ತಿಂಗಳು 97 ಉರಿಸಿದರೆ ಬಿಲ್ಲು ಸೊನ್ನೆ. 110 ಉರಿಸಿದರೆ ಹೆಚ್ಚಾದ 11 ಯೂನಿಟ್ಟಿಗೆ ಹಣ ಕಟ್ಟಬೇಕು. 200 ದಾಟಿದರೆ? ಆ ತಿಂಗಳ ಪೂರ್ತಿ ಬಿಲ್ಲು ನಮ್ಮದೇ!

ಏಪ್ರಿಲ್, ಮೇ ತಿಂಗಳಲ್ಲಿ ಜಾಗ್ರತೆ ಬೇಕು. ಸೆಕೆಗೆ ಫ್ಯಾನು ಹೆಚ್ಚು ತಿರುಗುತ್ತದೆ. ರಜೆಗೆ ನೆಂಟರು ಬರುತ್ತಾರೆ. ಅರಿವಿಲ್ಲದೆ ಗೆರೆ ದಾಟಿ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಮೀಟರು ನೋಡಿ ಬರೆದಿಟ್ಟರೆ ಮೊದಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಮಗೆ ಉಚಿತ ಎಂದರೆ ಕರೆಂಟೇ ಉಚಿತ ಎಂದಲ್ಲ. ನಮ್ಮ ಪಾಲಿನ ಹಣವನ್ನು ಸರ್ಕಾರ ಕಂಪನಿಗೆ ಕೊಡಬೇಕು. ಅದು ಜನರ ತೆರಿಗೆಯ ಹಣ. ಒಂದು ಸೀರೆ ತೆಗೆದುಕೊಳ್ಳುವಾಗ ನಾವೂ ತೆರಿಗೆ ಕೊಡುತ್ತೇವೆ.

ಕರೆಂಟು ಎಲ್ಲಿಂದ ಬರುತ್ತದೆ?

ನಮ್ಮ ರಾಜ್ಯಕ್ಕೆ ಕರೆಂಟು ಹೊಸತಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಕರೆಂಟು ತಯಾರಾಯಿತು. ಅದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆಮೇಲೆ ಜೋಗ, ಶರಾವತಿ, ವಾರಾಹಿ ನೀರಿನಿಂದಲೂ ಕರೆಂಟು ಬಂತು.

ಕಲ್ಲಿದ್ದಲು ಸುಟ್ಟೂ ಕರೆಂಟು ತೆಗೆಯುತ್ತಾರೆ. ರಾಯಚೂರಿನಲ್ಲಿ ಹಾಗೆ ಮಾಡುತ್ತಾರೆ. ನಮ್ಮ ಹತ್ತಿರ ಪಡುಬಿದ್ರಿಯ ಬಳಿ ಎಲ್ಲೂರಿನಲ್ಲೂ ದೊಡ್ಡ ಸ್ಥಾವರ ಉಂಟು. ಕೈಗಾದಲ್ಲಿ ಅಣು ವಿದ್ಯುತ್ ಉಂಟು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸಾವಿರಾರು ಎಕರೆ ಜಾಗದಲ್ಲಿ ಬಿಸಿಲಿನ ಹಲಗೆಗಳು ಉಂಟು. ಅಲ್ಲಿ 2050 ಮೆಗಾವಾಟ್ ಕರೆಂಟು ತಯಾರಿಸಬಹುದು. ಒಂದು ಮೆಗಾವಾಟ್ ಎಂದರೆ 10 ಲಕ್ಷ ವಾಟ್.

ಬಿಸಿಲಿನ ಕರೆಂಟಿಗೆ ಕಲ್ಲಿದ್ದಲು ಬೇಡ, ಹೊಗೆ ಇಲ್ಲ. ಒಳ್ಳೆಯದೇ. ಆದರೆ ಸಂಜೆ ಸೂರ್ಯ ಕಡಲಿಗೆ ಇಳಿದ ಮೇಲೆ ಅದು ಇಲ್ಲ. ನಾವು ಸ್ವಿಚ್ಚು ಹಾಕುವ ಹೊತ್ತಿಗೇ ಅದು ನಿಲ್ಲುತ್ತದೆ. ತೊಂದರೆ ಇರುವುದು ಇಲ್ಲೇ.

ಕರೆಂಟು ಒಣಮೀನಲ್ಲ

ಬಂಗುಡೆ ಹೆಚ್ಚು ಸಿಕ್ಕಿದರೆ ಎಂತ ಮಾಡುತ್ತೇವೆ? ಉಪ್ಪು ಹಾಕಿ ಒಣಗಿಸುತ್ತೇವೆ. ಮಳೆಗಾಲಕ್ಕೆ ಆಗುತ್ತದೆ. ಕರೆಂಟನ್ನು ಹಾಗೆ ಒಣಗಿಸಿ ಇಡಲಿಕ್ಕೆ ಆಗುವುದಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಸ್ವಲ್ಪ ಇಡಬಹುದು. ಆದರೆ ಅದಕ್ಕೆ ಖರ್ಚು ಉಂಟು. ಇಡೀ ರಾಜ್ಯಕ್ಕೆ ಸಾಲುವಷ್ಟು ಬ್ಯಾಟರಿ ಇನ್ನೂ ಇಲ್ಲ.

ಹಾಗಾಗಿ ಯಾವ ಕ್ಷಣದಲ್ಲಿ ಎಷ್ಟು ಬೇಕೋ, ಅದೇ ಕ್ಷಣದಲ್ಲಿ ಅಷ್ಟೇ ತಯಾರಾಗಬೇಕು. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಒಂದರಲ್ಲಿ ತಯಾರಿಕೆ, ಇನ್ನೊಂದರಲ್ಲಿ ಬೇಡಿಕೆ. ಒಂದು ಕಡೆ ವಾಲಿದರೆ ಅಪಾಯ. 2012ರ ಜುಲೈ 31ರಂದು ಉತ್ತರ ಮತ್ತು ಪೂರ್ವ ಭಾರತದಲ್ಲಿ ಹೀಗೆ ವಾಲಿ, ಸುಮಾರು 60 ಕೋಟಿ ಜನರ ಊರುಗಳಲ್ಲಿ ಕರೆಂಟು ಹೋಯಿತು. ರೈಲುಗಳು ದಾರಿಯಲ್ಲೇ ನಿಂತವು.

ನಮ್ಮ ದಕ್ಷಿಣದ ಜಾಲ ಆಗ ಬೇರೆಯಾಗಿ ನಡೆಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ತಂತಿಯ ಮೂಲಕ ಅದು ದೇಶದ ಜಾಲಕ್ಕೆ ಸೇರಿತು. ಈಗ ಇಡೀ ದೇಶಕ್ಕೆ ಒಂದೇ ತಕ್ಕಡಿ.

2020ರ ಏಪ್ರಿಲ್ 5 ನೆನಪಿದೆಯೇ? ಕೊರೊನಾದ ಕಾಲ. ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಆರಿಸಿ ಹಣತೆ ಹಚ್ಚಬೇಕು ಎಂದು ಪ್ರಧಾನಿ ಕರೆ ಕೊಟ್ಟಿದ್ದರು. ದೇಶದ ಬೇಡಿಕೆ ಕೆಲವೇ ನಿಮಿಷದಲ್ಲಿ ಸುಮಾರು 31,000 ಮೆಗಾವಾಟ್ ಇಳಿಯಿತು. ಎಂಜಿನಿಯರುಗಳು ಇದರ ಅರ್ಧದಷ್ಟೂ ಇಳಿಯಲಿಕ್ಕಿಲ್ಲ ಎಂದು ಎಣಿಸಿದ್ದರು. ನೀರಿನ ಸ್ಥಾವರಗಳನ್ನು ಬೇಗ ಬೇಗ ತಗ್ಗಿಸಿ, ಮತ್ತೆ ಏರಿಸಿ ತಕ್ಕಡಿ ಉಳಿಸಿದರು.

ಇದರಿಂದ ಎಂತ ತಿಳಿಯುತ್ತದೆ? ಒಂದು ಮನೆಯ ಸ್ವಿಚ್ಚು ಸಣ್ಣದು. ಕೋಟಿ ಮನೆಗಳ ಸ್ವಿಚ್ಚು ಒಟ್ಟು ಸೇರಿದರೆ ದೊಡ್ಡ ಅಣೆಕಟ್ಟುಗಳಷ್ಟು ಬಲ.

ಕರೆಂಟಿಗೂ ಧಾರಣೆ ಉಂಟು

ಬಂದರಿನಲ್ಲಿ ಮೀನಿನ ಧಾರಣೆ ನಮಗೆ ಗೊತ್ತು. ದೋಣಿಗಳು ತುಂಬಿ ಬಂದ ದಿನ ಬೂತಾಯಿ ಅಗ್ಗ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗೆ ನಿಷೇಧ. ಆಗ ಅದೇ ಬೂತಾಯಿ ಮುಟ್ಟಲಿಕ್ಕೆ ಆಗುವುದಿಲ್ಲ. ಮೀನು ಅದೇ, ಹೊತ್ತು ಬೇರೆ, ಬೆಲೆ ಬೇರೆ.

ಕರೆಂಟೂ ಹಾಗೆಯೇ. 2008ರಿಂದ ನಮ್ಮ ದೇಶದಲ್ಲಿ ಕರೆಂಟು ಮಾರುವ ವಿನಿಮಯ ಕೇಂದ್ರಗಳು ನಡೆಯುತ್ತಿವೆ. ಅಲ್ಲಿ ಕಂಪನಿಗಳು ಕಂಪ್ಯೂಟರಿನಲ್ಲಿ ಏಲಂ ಕೂಗುತ್ತವೆ. ನಾಳೆಯ ಕರೆಂಟಿಗೆ ಇಂದೇ ಏಲಂ. 15 ನಿಮಿಷಕ್ಕೊಂದು ಧಾರಣೆ. ದಿನಕ್ಕೆ 96 ಧಾರಣೆ!

ಬಿಸಿಲಿನ ಮಧ್ಯಾಹ್ನ ಯೂನಿಟ್ಟಿಗೆ ಎರಡು ಮೂರು ರೂಪಾಯಿಗೆ ಸಿಕ್ಕಿದ ದಿನ ಉಂಟು. ಸಂಜೆಯ ಮೇಲೆ 10 ರೂಪಾಯಿ ಮುಟ್ಟಿದ ದಿನವೂ ಉಂಟು. ಬೆಲೆ ಬಹಳ ಏರಿದಾಗ ಕೇಂದ್ರದ ನಿಯಂತ್ರಣ ಆಯೋಗ ಮಿತಿ ಹಾಕಿತು. 2022ರಲ್ಲಿ 12 ರೂಪಾಯಿ. 2023ರಲ್ಲಿ ಅದನ್ನು 10 ರೂಪಾಯಿಗೆ ಇಳಿಸಿತು.

ಎಲ್ಲ ಕರೆಂಟೂ ಏಲಂನಲ್ಲಿ ಬರುವುದಿಲ್ಲ. ಹೆಚ್ಚಿನದ್ದಕ್ಕೆ ಮೊದಲೇ ಒಪ್ಪಂದ ಆಗಿರುತ್ತದೆ. ಸಾಲದೆ ಬಂದಾಗ ಪೇಟೆಗೆ ಹೋಗಬೇಕು. ಮನೆಯ ಅಕ್ಕಿ ಮುಗಿದ ಹೊತ್ತಿಗೇ ನೆಂಟರು ಬಂದರೆ ಅಂಗಡಿಗೆ ಓಡಿದ ಹಾಗೆ. ಆಗ ಕೇಳಿದ ಕ್ರಯ ಕೊಡಬೇಕು.

2023ರಲ್ಲಿ ಹಾಗೆಯೇ ಆಯಿತು. ಮಳೆ ಕೈ ಕೊಟ್ಟಿತು. ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳಲ್ಲಿ ಬರ ಎಂದು ಸರ್ಕಾರ ಘೋಷಿಸಿತು. ಅಣೆಕಟ್ಟುಗಳಲ್ಲಿ ನೀರು ಕಡಿಮೆ. ಮಳೆ ಇಲ್ಲದ್ದಕ್ಕೆ ರೈತರ ಪಂಪು ಹೆಚ್ಚು ನಡೆಯಿತು. ಅಕ್ಟೋಬರಿನಲ್ಲಿ ಕರೆಂಟು ಸಾಲದೆ ಬಂತು. ರಾಜ್ಯದೊಳಗಿನ ಖಾಸಗಿ ಸ್ಥಾವರಗಳು ತಮ್ಮ ಕರೆಂಟನ್ನು ರಾಜ್ಯಕ್ಕೇ ಕೊಡಬೇಕೆಂದು ಸರ್ಕಾರ ಆದೇಶ ಮಾಡಿತು. ಉತ್ತರ ಪ್ರದೇಶ, ಪಂಜಾಬಿನಿಂದ ಕರೆಂಟನ್ನು ಕೈಸಾಲ ತಂದಿತು. ಹಣಕ್ಕೆ ಅಲ್ಲ. ಮುಂದಿನ ಮಳೆಗಾಲದಲ್ಲಿ ಕರೆಂಟನ್ನೇ ಹಿಂದೆ ಕೊಡುವ ಮಾತು. ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ತಂದು, ಆಮೇಲೆ ಅಳೆದು ಕೊಟ್ಟ ಹಾಗೆ.

ಬೇಡಿಕೆ ಹೊಂದಿಸುವುದು

ತಕ್ಕಡಿ ವಾಲಿದರೆ ಎರಡು ದಾರಿ. ಒಂದು, ತಯಾರಿಕೆ ಹೆಚ್ಚಿಸುವುದು. ಇನ್ನೊಂದು, ಬೇಡಿಕೆಯ ಹೊತ್ತು ಬದಲಿಸುವುದು. ಎರಡನೆಯದಕ್ಕೆ 'ಬೇಡಿಕೆ ಹೊಂದಾಣಿಕೆ' ಎನ್ನೋಣ. ಕರೆಂಟು ತುಟ್ಟಿಯಾದ ಹೊತ್ತಿನಲ್ಲಿ ಸ್ವಲ್ಪ ಕಡಿಮೆ ಉರಿಸುವುದು. ಅಗ್ಗವಾದ ಹೊತ್ತಿಗೆ ಕೆಲಸ ಇಟ್ಟುಕೊಳ್ಳುವುದು.

ಇದು ನಮಗೆ ಹೊಸತಲ್ಲ. ತುಂಬೆಯ ಅಣೆಕಟ್ಟಿನಲ್ಲಿ ನೀರು ಇಳಿದ ಬೇಸಿಗೆಗಳಲ್ಲಿ ನಗರಕ್ಕೆ ಸರದಿಯಂತೆ ನೀರು ಬಿಟ್ಟಿದ್ದರು. ನೀರು ಬರುವ ಹೊತ್ತು ನೋಡಿ ನಾವೇ ಬಟ್ಟೆ ಒಗೆಯುವ ದಿನ ಬದಲಿಸಿದ್ದೆವು.

ರೈತರ ಪಂಪುಗಳ ವಿಷಯದಲ್ಲಿ ಕರ್ನಾಟಕ ಇದನ್ನೇ ಮಾಡಿದೆ. ಪಂಪಿಗೆ ದಿನಕ್ಕೆ ಇಂತಿಷ್ಟು ಗಂಟೆ ಎಂದು ಕರೆಂಟು ಕೊಡುತ್ತಾರೆ. ಬಿಸಿಲಿನ ಕರೆಂಟು ಹೆಚ್ಚಾದ ಮೇಲೆ ಅದರಲ್ಲಿ ಹೆಚ್ಚಿನದ್ದನ್ನು ಹಗಲಿಗೆ ತಂದರು. ರಾತ್ರಿ ಕತ್ತಲಲ್ಲಿ ಹಾವು ಚೇಳಿನ ಭಯದಲ್ಲಿ ತೋಟಕ್ಕೆ ಹೋಗುವುದು ರೈತರಿಗೆ ಅಷ್ಟು ಕಡಿಮೆಯಾಯಿತು.

ಮುಂಬೈಯಲ್ಲಿ ಟಾಟಾ ಪವರ್ ಕಂಪನಿ ಮನೆಗಳನ್ನೂ ಇಂಥ ಯೋಜನೆಗೆ ಸೇರಿಸಲು ಹೊರಟಿತು. ಇಂಗ್ಲೆಂಡಿನ ಕಡೆ 2022-23ರ ಚಳಿಗಾಲದಲ್ಲಿ ಸುಮಾರು 16 ಲಕ್ಷ ಮನೆ ಮತ್ತು ವ್ಯಾಪಾರಿಗಳು ಇದರಲ್ಲಿ ಸೇರಿದರು. "ಇಂದು ಸಂಜೆ ಒಂದು ಗಂಟೆ ಕಡಿಮೆ ಉರಿಸಿ" ಎಂದು ಅವರಿಗೆ ಮೊದಲೇ ಸುದ್ದಿ ಬರುತ್ತಿತ್ತು. ಕಡಿಮೆ ಮಾಡಿದವರಿಗೆ ಹಣ ಸಿಗುತ್ತಿತ್ತು.

ನಮ್ಮ ಹಳೆಯ ಮೀಟರಿಗೆ ಎಷ್ಟು ಯೂನಿಟ್ ಎಂದು ಗೊತ್ತು. ಯಾವ ಹೊತ್ತಿನಲ್ಲಿ ಎಂದು ಗೊತ್ತಿಲ್ಲ. ಸ್ಮಾರ್ಟ್ ಮೀಟರಿಗೆ ಹೊತ್ತೂ ಗೊತ್ತಾಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಸ್ಮಾರ್ಟ್ ಮೀಟರು ಇದ್ದರೆ ಹೊತ್ತಿಗೆ ತಕ್ಕ ದರ ಇರಬೇಕು. ಬಿಸಿಲಿನ ಹೊತ್ತಿನಲ್ಲಿ ದರ ನೂರಕ್ಕೆ 20ರಷ್ಟಾದರೂ ಕಡಿಮೆ. ಬೇಡಿಕೆ ಏರುವ ಹೊತ್ತಿನಲ್ಲಿ ಮನೆಗಳಿಗೆ ನೂರಕ್ಕೆ 10ರಷ್ಟಾದರೂ ಹೆಚ್ಚು. ಹೊತ್ತು ಯಾವುದು ಎಂದು ರಾಜ್ಯದ ಆಯೋಗ ಗೊತ್ತು ಮಾಡಬೇಕು. ಇಂಥ ದರ ನಮ್ಮ ಬೀದಿಗೆ ಬರುವ ಮೊದಲೇ ಇದನ್ನು ತಿಳಿದಿರುವುದು ಒಳ್ಳೆಯದು.

ಹೊರೆ ಯಾರ ಮೇಲೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. "ನಮ್ಮ ಮನೆಯಲ್ಲಿ ನಾಲ್ಕು ಬಲ್ಬು, ಒಂದು ಗ್ರೈಂಡರು. ನಾವೇ ಉಳಿಸಬೇಕಾ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ದೊಡ್ಡ ಎ.ಸಿ. ಒಂದು ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. ನಮ್ಮ ಗ್ರೈಂಡರು 10 ಗಂಟೆ ತಿರುಗಿದರೆ ಅಷ್ಟು! ಬಹಳ ಉರಿಸುವವರು ಬಹಳ ಹೊಂದಿಸಬೇಕು. ಎ.ಸಿ. ಅಂಗಡಿ, ಕಾರ್ಖಾನೆ, ದೊಡ್ಡ ಬೋರ್ಡಿನ ದೀಪ, ಇವೆಲ್ಲ ಮೊದಲು.

ಇನ್ನೂ ಒಂದು ಮಾತು. ಮನೆಯಲ್ಲಿ ಕರೆಂಟಿನ ಕೆಲಸ ಹೆಚ್ಚು ಮಾಡುವುದು ಹೆಂಗಸರು. ಕಡೆಯುವುದು, ಇಸ್ತ್ರಿ, ಪಂಪು. ಹೊತ್ತು ಬದಲಿಸಿ ಎಂದರೆ ಬದಲಾಗುವುದು ನಮ್ಮ ದಿನವೇ. ಹಗಲು ಹೊರಗೆ ದುಡಿಯುವ ಅಕ್ಕ ಮಧ್ಯಾಹ್ನ ಹಿಟ್ಟು ಕಡೆಯುವುದು ಹೇಗೆ? ನಿದ್ದೆ ಕೆಟ್ಟು ಕರೆಂಟು ಉಳಿಸುವುದು ಬೇಡ. ಮಕ್ಕಳ ಓದಿನ ದೀಪ ಆರಿಸುವುದು ಬೇಡ. ಮನೆಯ ಗಂಡಸರೂ ಮಕ್ಕಳೂ ಕೈ ಸೇರಿಸಲಿ. ಮಧ್ಯಾಹ್ನ ಮನೆಯಲ್ಲಿ ಇರುವವರು ಪಂಪು ಹಾಕಲಿ.

ಹಾಗಾದರೆ ನಮಗೆ ಲಾಭ ಎಂತ? ಸಂಜೆ ಒಂದೇ ಬೀದಿಯ ಎಲ್ಲ ಪಂಪು ಒಟ್ಟಿಗೆ ನಡೆದರೆ ಟ್ರಾನ್ಸ್‌ಫಾರ್ಮರಿಗೆ ಹೊರೆ. ವೋಲ್ಟೇಜು ಇಳಿಯುತ್ತದೆ. ಬಲ್ಬು ಮಂಕಾಗುತ್ತದೆ, ಫ್ರಿಜ್ಜು ಕೆಡುತ್ತದೆ. ಫ್ಯೂಸು ಹೋದರೆ ಬೀದಿಗೇ ಕತ್ತಲೆ. ಕಂಪನಿ ತುಟ್ಟಿ ಕರೆಂಟು ತಂದರೆ ಆ ಖರ್ಚು ಆಮೇಲೆ ದರಕ್ಕೆ ಸೇರುತ್ತದೆ. ಅದು ಬಿಲ್ಲಿನಲ್ಲೋ ತೆರಿಗೆಯಲ್ಲೋ ನಮ್ಮ ಬಾಗಿಲಿಗೇ ಬರುತ್ತದೆ.

ನಾವು ಎಂತ ಮಾಡಬಹುದು?

1. ನೀರಿನ ಪಂಪನ್ನು ಸಂಜೆ 6ರಿಂದ 10ರ ಒಳಗೆ ಹಾಕದಿರುವುದು. ಹಗಲಲ್ಲಿ ಟ್ಯಾಂಕಿ ತುಂಬಿಸುವುದು.

2. ದೋಸೆ ಹಿಟ್ಟು, ಇಡ್ಲಿ ಹಿಟ್ಟು ಹೇಗೂ ಮೊದಲೇ ಕಡೆಯಬೇಕು. ಆದರೆ ಮಧ್ಯಾಹ್ನವೇ ಕಡೆದಿಡುವುದು. ಮೀನಿನ ಮಸಾಲೆ ಆಗಲೇ ಬೇಕು. ಅದಕ್ಕೆ ಚಿಂತೆ ಬೇಡ.

3. ವಾರದ ಬಟ್ಟೆಗೆ ಒಟ್ಟಿಗೆ, ಹಗಲಲ್ಲಿ ಇಸ್ತ್ರಿ ಹಾಕುವುದು.

4. ಫ್ರಿಜ್ಜಿಗೆ ಬಿಸಿ ಪಾತ್ರೆ ಇಡದಿರುವುದು. ಬಾಗಿಲು ತೆರೆದು ನಿಲ್ಲದಿರುವುದು.

5. ಎಲ್ಲ ಸ್ವಿಚ್ಚು ಆರಿಸಿ, ಫ್ರಿಜ್ಜಿನ ಪ್ಲಗ್ಗು ತೆಗೆದು ಮೀಟರು ನೋಡುವುದು. ಆಗಲೂ ಮೀಟರಿನ ಸಣ್ಣ ದೀಪ ಮಿಣುಕುತ್ತಿದ್ದರೆ ಎಲ್ಲೋ ಸೋರುತ್ತದೆ. ತಂತಿ ನಾವು ಮುಟ್ಟುವುದು ಬೇಡ. ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ನೋಡಲಿ.

6. ಬಿಲ್ಲು ತಪ್ಪೆಂದು ಕಂಡರೆ, ತಂತಿ ತುಂಡಾಗಿ ಬಿದ್ದರೆ 1912ಕ್ಕೆ ಫೋನ್ ಮಾಡುವುದು. ದೂರಿನ ನಂಬರು ಕೇಳಿ ಬರೆದಿಡುವುದು. ಬರೆಯಲಿಕ್ಕೆ ಕಲಿತದ್ದು ಇದಕ್ಕೇ ಅಲ್ವಾ?

7. ಕರೆಂಟಿನ ದರ ನಿರ್ಣಯಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ದರ ಹೆಚ್ಚಿಸುವ ಮೊದಲು ಅದು ಜನರ ಆಕ್ಷೇಪ ಕೇಳುತ್ತದೆ. ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಸಂಘದ ಅಕ್ಕಂದಿರು ಒಟ್ಟು ಸೇರಿ ಒಂದು ಪತ್ರ ಬರೆಯಬಹುದು. "ಹೊತ್ತಿನ ದರ ಬಂದರೆ ಸಣ್ಣ ಮನೆಗಳಿಗೆ ನಷ್ಟ ಆಗಬಾರದು" ಎಂದು ಹೇಳಬಹುದು. ವಿಚಾರಣೆಗೆ ಹೋಗಿ ಮಾತಾಡಲಿಕ್ಕೂ ಹಕ್ಕು ಉಂಟು.

ಲೆಕ್ಕ ಹಾಕಿ, ಮಾತಾಡಿ

1. ನಿಮ್ಮ ಮನೆಯ ಮೀಟರು ಇಂದು ಎಷ್ಟು ತೋರಿಸುತ್ತದೆ? ನಾಳೆ ಇದೇ ಹೊತ್ತಿಗೆ ನೋಡಿ. ಒಂದು ದಿನಕ್ಕೆ ಎಷ್ಟು ಯೂನಿಟ್ ಆಯಿತು?

2. ಒಂದು ಮನೆಯ 2022-23ರ ಸರಾಸರಿ 60 ಯೂನಿಟ್. ಗೃಹಜ್ಯೋತಿಯಲ್ಲಿ ಆ ಮನೆಗೆ ಎಷ್ಟು ಯೂನಿಟ್ ಉಚಿತ? ಈ ತಿಂಗಳು 75 ಉರಿಸಿದರೆ ಎಷ್ಟಕ್ಕೆ ಹಣ ಕಟ್ಟಬೇಕು?

3. ನಿಮ್ಮ ಬೀದಿಯಲ್ಲಿ ಸಂಜೆ ಎಷ್ಟು ಪಂಪು ನಡೆಯುತ್ತದೆ? ಹೊತ್ತು ಹಂಚಿಕೊಳ್ಳಲಿಕ್ಕೆ ಆಗುತ್ತದಾ? ನೆರೆಕರೆಯವರ ಹತ್ತಿರ ಮಾತಾಡಿ ನೋಡಿ.

(ಎರಡನೆಯ ಲೆಕ್ಕದ ಉತ್ತರ: 66 ಯೂನಿಟ್ ಉಚಿತ. 9 ಯೂನಿಟ್ಟಿಗೆ ಹಣ.)